ಚಿನ್ನದ ತುದಿಯ ಕೇಬಲ್

"ಗುರುಗಳೇ, ಸುಳ್ಳು ಹೇಳದೆ ಮಾರಿದರೆ, ಕೊಂಡವನು ಸಂತೋಷವಾಗಿ ಮನೆಗೆ ಹೋದರೆ, ಆ ವ್ಯಾಪಾರದಲ್ಲಿ ತಪ್ಪೇನಿದೆ?" ಎಂದು ಕೊಟ್ರೇಶ ಕೇಳಿದ.

ಕೊಟ್ರೇಶನಿಗೆ ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರು ಟಿವಿ ಅಂಗಡಿ ಇತ್ತು. ಸೋಮವಾರ ಅಂಗಡಿಗೆ ರಜೆ. ಅಂದು ಮಠಕ್ಕೆ ಬಂದು ಗುರುಗಳ ಎದುರು ಕೂರುವುದು ಅವನ ರೂಢಿ.

"ಯಾವ ವ್ಯಾಪಾರ?" ಎಂದರು ಗುರುಗಳು.

"ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಒಂದು ಕೇಬಲ್ ಹೋಗುತ್ತದೆ. ನಾಲ್ಕು ಮೊಳ ಉದ್ದದ್ದು. ಅದರಲ್ಲಿ ಸಾದಾ ಕೇಬಲೂ ಇದೆ, ಅದರ ಹತ್ತಿಪ್ಪತ್ತು ಪಟ್ಟು ಬೆಲೆಯದೂ ಇದೆ. ಎರಡರಲ್ಲೂ ಬರುವ ಚಿತ್ರ ಒಂದೇ. ಇದು ನನಗೆ ಗೊತ್ತು, ಬರುವವರಿಗೆ ಗೊತ್ತಿಲ್ಲ. ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ನಾನು ಎರಡನ್ನೂ ಮುಂದಿಟ್ಟು ಸುಮ್ಮನಿರುತ್ತೇನೆ. ಅವರೇ ದುಬಾರಿಯದನ್ನು ಎತ್ತಿಕೊಳ್ಳುತ್ತಾರೆ. ಮನೆಗೆ ಹೋಗಿ ಹಾಕಿ, ಚಿತ್ರ ಚೆನ್ನಾಯಿತು ಎನ್ನುತ್ತಾರೆ. ಅವರಿಗೂ ತೃಪ್ತಿ, ನನಗೂ ಲಾಭ. ಹೆಚ್ಚೆಂದರೆ ಅವರ ಜೇಬಿನಿಂದ ಸ್ವಲ್ಪ ಹಣ ಹೋಯಿತು. ಇದ್ದವರು ತಾನೇ ಕೊಳ್ಳುವುದು?"

ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡುವುದು ಅವನ ಕಸುಬು. ಲಗ್ನದ ದಿನಗಳು ಬಂದರೆ ಅವನು ಮನೆಯಲ್ಲಿ ಇರುತ್ತಿರಲಿಲ್ಲ. ಒಂದು ಊರಿನ ಪಾತ್ರೆ ತೊಳೆಯುವ ಹೊತ್ತಿಗೆ ಇನ್ನೊಂದು ಊರಿನವರು ಗಾಡಿ ತಂದು ನಿಲ್ಲಿಸಿರುತ್ತಿದ್ದರು. ಮಗಳನ್ನು ಕೊಟ್ಟಾಗಿತ್ತು. ಮನೆಯಲ್ಲಿ ಹೆಂಡತಿ ಒಬ್ಬಳೇ.

ಅವಳಿಗೆ ಬೇಸರವಾಗಬಾರದೆಂದು ಅವನು ದೊಡ್ಡ ಟಿವಿ ತಂದುಕೊಟ್ಟ. ಅವಳು ಸಂಜೆಯ ಧಾರಾವಾಹಿಗಳನ್ನು ನೋಡುವಳು. ಅವಳಿಗೆ ಅದರಲ್ಲಿ ಮಾತಿಗಿಂತ ಮುಖ ಮುಖ್ಯ. ಅತ್ತೆಯಾದವಳು ಬಾಯಲ್ಲಿ ಒಂದು ಹೇಳಿ ಕಣ್ಣಲ್ಲಿ ಇನ್ನೊಂದು ಹೇಳಿದರೆ ಅವಳಿಗೆ ತಕ್ಷಣ ತಿಳಿಯುತ್ತಿತ್ತು. ಗಂಡ ಊರಿಗೆ ಬಂದಾಗ ಅದನ್ನೆಲ್ಲ ಅಭಿನಯಿಸಿ ತೋರಿಸುವಳು. ಅವನು ಊಟ ಮಾಡುತ್ತಾ ನಗುತ್ತಿದ್ದ. ಮನೆಗೆ ಬರುವುದೆಂದರೆ ಅವನಿಗೆ ಅದೇ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ಹೇಳಿದಳು: "ಯಾಕೋ ಟಿವಿಯಲ್ಲಿ ಮುಖಗಳು ಮಸುಕಾಗಿ ಬರುತ್ತಿವೆ ಕಣ್ರೀ. ಯಾರು ನಗುತ್ತಿದ್ದಾರೆ, ಯಾರು ಅಳುತ್ತಿದ್ದಾರೆ ಗೊತ್ತಾಗುವುದಿಲ್ಲ."

ಅವನು ಎದ್ದು ನೋಡಿದ. ಅವನಿಗೆ ಸರಿಯಾಗಿಯೇ ಕಂಡಿತು. ಆದರೂ ಮರುದಿನ ಬೆಳಿಗ್ಗೆ ಪೇಟೆಯ ವರ್ತಕನ ಅಂಗಡಿಗೆ ಹೋದ. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಮೊದಲು ಇದೊಂದು ಕೆಲಸ ಮುಗಿಸಿಬಿಡಬೇಕೆಂದು ಅವನ ಆತುರ.

ವರ್ತಕನು ವಿಷಯ ಕೇಳಿದ. ಅಡುಗೆಯವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ: "ನನಗೇನೋ ಚೆನ್ನಾಗಿಯೇ ಕಾಣುತ್ತದೆ ಸಾಹುಕಾರರೇ. ಅವಳಿಗೆ ಮಸುಕಂತೆ. ಹೊಗೆಯಲ್ಲಿ ಬೆಂದ ಕಣ್ಣು ನನ್ನದು, ನನಗೇನು ತಿಳಿದೀತು? ಅವಳದ್ದೇ ಸರಿಯಿರಬೇಕು."

ವರ್ತಕನು ಒಂದು ಸಾದಾ ಕೇಬಲನ್ನು ತೆಗೆದಿಟ್ಟ. ಅದರ ಪಕ್ಕದಲ್ಲಿ ಒಂದು ಪೆಟ್ಟಿಗೆ ಇಟ್ಟ. ಒಳಗೆ ಮಖಮಲ್ಲಿನ ಹಾಸು. ಅದರ ಮೇಲೆ ಸುತ್ತಿಟ್ಟ ದಪ್ಪನೆಯ ಕೇಬಲ್. ಅದರ ಎರಡೂ ತುದಿಗೆ ಚಿನ್ನದ ಲೇಪ.

"ಇದನ್ನು ಹಾಕಿದರೆ ಮುಖ ಸ್ಪಷ್ಟವಾಗುತ್ತದೆಯೇ?"

"ಹಾಕಿ ನೋಡಿ. ಇದನ್ನು ತೆಗೆದುಕೊಂಡು ಹೋದವರು ಯಾರೂ ಇದುವರೆಗೆ ವಾಪಸು ತಂದಿಲ್ಲ" ಎಂದ ವರ್ತಕ.

ಅದು ನಿಜವೇ ಆಗಿತ್ತು. ಯಾರೂ ವಾಪಸು ತಂದಿರಲಿಲ್ಲ. ಆದರೆ ಇನ್ನೊಂದು ನಿಜವೂ ವರ್ತಕನಿಗೆ ಗೊತ್ತಿತ್ತು. ಅಂಥ ಕೇಬಲ್ ಸರಿಯಿದ್ದರೆ ಚಿತ್ರ ಪೂರ್ತಿ ಬರುತ್ತದೆ. ಕೆಟ್ಟರೆ ಪರದೆಯ ಮೇಲೆ ಚುಕ್ಕೆ ಹಾರುತ್ತದೆ, ಚಿತ್ರ ಒಡೆಯುತ್ತದೆ, ಇಲ್ಲವೇ ಪರದೆಯೇ ಕಪ್ಪಾಗುತ್ತದೆ. ಅದರಿಂದ ಮುಖ ಮಂಜಾಗುವುದಿಲ್ಲ. ಇದನ್ನು ಅವನು ತನ್ನ ಅಂಗಡಿಯಲ್ಲಿಯೇ ಹಲವು ಸಲ ಬದಲಾಯಿಸಿ ನೋಡಿ ತಿಳಿದಿದ್ದ. ಆ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಡುಗೆಯವನು ಪೆಟ್ಟಿಗೆಯನ್ನು ಕೈಗೆತ್ತಿಕೊಂಡಿದ್ದ. ವರ್ತಕನು ಮಾತನ್ನು ನುಂಗಿದ. ತಾನು ಸುಳ್ಳು ಹೇಳಲಿಲ್ಲ ಎಂಬ ಸಮಾಧಾನ ಅವನಿಗಿತ್ತು.

ಅಡುಗೆಯವನು ಮನೆಗೆ ಬಂದು ಕೇಬಲ್ ಹಾಕಿದ. ಹೆಂಡತಿಯನ್ನು ಕೂರಿಸಿದ. ತಾನು ಟಿವಿಯನ್ನು ನೋಡಲಿಲ್ಲ, ಪೆಟ್ಟಿಗೆ ಹಿಡಿದುಕೊಂಡು ಅವಳನ್ನೇ ನೋಡುತ್ತಾ ನಿಂತ.

"ಈಗ ಹೇಗಿದೆ?"

ಅವಳು ನೋಡಿದಳು. ಮುಖಗಳು ನಿನ್ನೆಯ ಹಾಗೆಯೇ ಮಂಜಿನ ಹಿಂದೆ ಇದ್ದವು. ಗಂಡನು ಇಷ್ಟು ಆಸೆಯಿಂದ ತಂದಿದ್ದಾನೆ, ಎಷ್ಟು ಕೊಟ್ಟನೋ ಏನೋ ಎಂದುಕೊಂಡಳು.

"ಈಗ ಚೆನ್ನಾಗಿದೆ" ಎಂದಳು.

ಅವನು ಹಿಗ್ಗಿಹೋದ. ಅಕ್ಕಪಕ್ಕದ ಮನೆಯವರನ್ನು ಕರೆದು ತೋರಿಸಿದ. ಅವರೂ ನೋಡಿ ಹೌದೌದು ಎಂದರು. ಮದುವೆ ಮನೆಗಳಲ್ಲಿ ಒಲೆಯ ಮುಂದೆ ನಿಂತು ಸಹಾಯಕರಿಗೆ ಅದರ ಗುಣ ಹೇಳಿದ. ಅವನ ಮಾತು ಕೇಳಿ ಇಬ್ಬರು ಹೋಗಿ ಅದೇ ಕೇಬಲ್ ಕೊಂಡರು.

ಒಮ್ಮೆ ಚೆನ್ನಾಗಿದೆ ಎಂದ ಮೇಲೆ ಮತ್ತೆ ಮಸುಕು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಅವನು ಇದಕ್ಕಿಂತ ದೊಡ್ಡದನ್ನು ತಂದಾನು ಎಂಬ ಭಯವೂ ಇತ್ತು. ಅಷ್ಟು ಬೆಲೆಯ ವಸ್ತುವಿನಿಂದಲೂ ಸರಿಹೋಗದ್ದು ವಯಸ್ಸಿನ ದೋಷವೇ ಇರಬೇಕು, ಅದಕ್ಕೆ ಯಾರೇನು ಮಾಡಲಾದೀತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಗಂಡ ಊರಿಗೆ ಬಂದಾಗ ಕೇಳಿಸಿಕೊಂಡ ಮಾತುಗಳ ಮೇಲೆಯೇ ಕತೆ ಕಟ್ಟಿ ಅಭಿನಯಿಸಿದಳು. ಅವನಿಗೆ ವ್ಯತ್ಯಾಸ ತಿಳಿಯಲಿಲ್ಲ.

ಹೀಗೆ ಚಳಿ ಕಳೆಯಿತು, ಬೇಸಿಗೆ ಕಳೆಯಿತು. ಆಷಾಢ ಬಂತು. ಆಷಾಢದಲ್ಲಿ ಮದುವೆಗಳಿಲ್ಲ. ಅಡುಗೆಯವನು ಮನೆಯಲ್ಲಿ ಉಳಿದ.

ಊಟಕ್ಕೆ ಕೂತಾಗ ಅನ್ನದಲ್ಲಿ ಕಲ್ಲು ಸಿಕ್ಕಿತು. ಅವನು ನಕ್ಕು, "ನನ್ನ ಕೆಲಸದವರು ಹೀಗೆ ಅಕ್ಕಿ ಆರಿಸಿದ್ದರೆ ಬೈಯುತ್ತಿದ್ದೆ" ಎಂದ. ಅವಳೂ ನಕ್ಕಳು. ಎರಡು ದಿನ ಬಿಟ್ಟು ಮತ್ತೆ ಸಿಕ್ಕಿತು. ಆಗ ಅವನು ನಗಲಿಲ್ಲ. ಮೂವತ್ತು ವರ್ಷ ಅವಳ ಕೈಯ ಅನ್ನ ಉಂಡಿದ್ದ, ಒಂದು ದಿನವೂ ಕಲ್ಲು ಸಿಕ್ಕಿರಲಿಲ್ಲ.

ಒಂದು ಸಂಜೆ ಅವನು ಹೊರಗಿನಿಂದ ಬಂದ. ಟಿವಿಯಲ್ಲಿ ಧಾರಾವಾಹಿ ನಡೆದಿತ್ತು. ಅವಳು ಅದರ ಮುಂದೆ ಕೂತಿದ್ದಳು. ಕಣ್ಣು ಮುಚ್ಚಿತ್ತು.

"ನಿದ್ದೆ ಬಂತೇನೇ? ಮಲಗು ಹೋಗು."

"ಇಲ್ಲ, ಕೇಳುತ್ತಿದ್ದೇನೆ."

"ನೋಡುವುದಿಲ್ಲವೇ?"

ಅವನು ಅವಳ ಎದುರು ಕೂತ. ಅವಳು, "ನೋಡಿದರೆ ತಲೆ ನೋಯುತ್ತದೆ. ನಿಮ್ಮ ಮುಖವೂ ನನಗೆ ಸರಿಯಾಗಿ ಕಾಣುತ್ತಿಲ್ಲ" ಎಂದಳು.

ಮರುದಿನವೇ ಅವನು ಅವಳನ್ನು ಜಿಲ್ಲಾ ಕೇಂದ್ರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ವೈದ್ಯರು ಕಣ್ಣಿಗೆ ಮದ್ದು ಬಿಟ್ಟು ಪರೀಕ್ಷೆ ಮಾಡಿದರು. ರಕ್ತ ಪರೀಕ್ಷೆಗೂ ಕಳಿಸಿದರು. ಸಕ್ಕರೆ ಕಾಯಿಲೆ ಯಾವಾಗಲೋ ಬಂದಿತ್ತು, ಯಾರಿಗೂ ತಿಳಿದಿರಲಿಲ್ಲ. ಅದು ಕಣ್ಣಿನ ಹಿಂಭಾಗವನ್ನು ತಿಂದಿತ್ತು. ಒಂದು ಕಣ್ಣಿನಲ್ಲಿ ಇರುವಷ್ಟನ್ನು ಉಳಿಸಲು ನೋಡುತ್ತೇವೆ, ಇನ್ನೊಂದು ಕೈಮೀರಿದೆ ಎಂದರು. ಮಸುಕು ಕಂಡದ್ದು ಯಾವಾಗ ಎಂದು ಕೇಳಿದರು. ದೀಪಾವಳಿಯ ಹೊತ್ತಿಗೆ ಎಂದು ಅವಳು ಹೇಳಿದಳು.

"ಆಗಲೇ ಯಾಕೆ ಬರಲಿಲ್ಲ?" ಎಂದರು ವೈದ್ಯರು.

ಗಂಡ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು. ಅವನು ಅವಳನ್ನು ಏನೂ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳೇ ಎಲ್ಲವನ್ನೂ ಹೇಳಿದಳು.

ಶ್ರಾವಣದಲ್ಲಿ ಅಡುಗೆಯವನು ಮತ್ತೆ ವರ್ತಕನ ಅಂಗಡಿಗೆ ಬಂದ. ವರ್ತಕನಿಗೆ ಅವನ ಗುರುತು ಸಿಕ್ಕಿತು. ಗಿರಾಕಿಗಳನ್ನು ಕಳಿಸಿದವನಲ್ಲವೇ ಎಂದು ಎದ್ದು ನಿಂತು ಕೂರಲು ಹೇಳಿದ.

"ಬನ್ನಿ ಯಜಮಾನರೇ. ನಮ್ಮ ಕೇಬಲ್ ಹೇಗಿದೆ?"

"ಕೇಬಲ್ ಚೆನ್ನಾಗಿದೆ ಸಾಹುಕಾರರೇ. ನನಗೆ ಒಂದು ರೇಡಿಯೋ ಬೇಕಿತ್ತು. ಗುಂಡಿಗಳು ದೊಡ್ಡದಾಗಿ, ಮುಟ್ಟಿದರೆ ತಿಳಿಯುವ ಹಾಗಿರಬೇಕು. ಮನೆಯವಳಿಗೆ ಕಣ್ಣು ಹೋಯಿತು. ಒಂದರಲ್ಲಿ ಬರೀ ನೆರಳು ಬೆಳಕು ತಿಳಿಯುತ್ತದೆ, ಇನ್ನೊಂದರಲ್ಲಿ ಏನೂ ಇಲ್ಲ. ಆಗ ಮುಖ ಮಸುಕಾಗಿ ಕಂಡದ್ದು ಅದಕ್ಕೇ ಅಂತೆ. ನಮಗೆ ಗೊತ್ತಾಗಲಿಲ್ಲ. ನಿಮ್ಮ ತಪ್ಪೇನಿದೆ? ನೀವು ಇದ್ದುದರಲ್ಲಿ ಒಳ್ಳೆಯದನ್ನೇ ಕೊಟ್ಟಿರಿ."

ವರ್ತಕನು ರೇಡಿಯೋ ತೆಗೆಯಲು ಕಪಾಟಿನ ಕಡೆ ತಿರುಗಿದ್ದ. ಹಾಗೆಯೇ ನಿಂತ. ಅಡುಗೆಯವನು ಬೈದಿದ್ದರೆ ಅವನು ಉತ್ತರ ಕೊಡುತ್ತಿದ್ದ. ಕೇಬಲ್ ವಾಪಸು ತಂದಿದ್ದರೆ ಹಣ ಕೊಡುತ್ತಿದ್ದ. ಇದಕ್ಕೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅವನು ಕೆಟ್ಟ ಮನುಷ್ಯನಲ್ಲ. ಈ ಕಡೆ ತಿರುಗಿ, "ಆ ಕೇಬಲಿನಿಂದ ಮಸುಕು ಹೋಗುವುದಿಲ್ಲ ಎಂದು ನನಗೆ ಅಂದೇ ಗೊತ್ತಿತ್ತು" ಎಂದು ಹೇಳಿಬಿಟ್ಟ.

ಅಡುಗೆಯವನು ಅವನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಹೇಳಿದ್ದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅಂದು ಹೇಳಿದ್ದರೆ, ಮತ್ತೆ ಇನ್ನೇತರಿಂದ ಹೀಗಾಗಿದೆ ಎಂದು ಕೇಳುತ್ತಿದ್ದೆ" ಎಂದ.

ಅಷ್ಟು ಹೇಳಿ ಎದ್ದು, ಮೆಟ್ಟಿಲಿಳಿದು, ರೇಡಿಯೋ ಹುಡುಕಿಕೊಂಡು ಬೇರೆ ಅಂಗಡಿಗೆ ಹೋದ.

ಇಲ್ಲಿಗೆ ಗುರುಗಳು ಮಾತು ನಿಲ್ಲಿಸಿದರು.

ಕೊಟ್ರೇಶನಿಗೆ ಆ ಹೆಂಗಸಿನ ಬಗ್ಗೆ ಮರುಕವಾಗಿತ್ತು. ಆದರೂ ವರ್ತಕನ ಮೇಲೆ ಇಷ್ಟು ಭಾರ ಹೊರಿಸುವುದು ನ್ಯಾಯವೆಂದು ಅನ್ನಿಸಲಿಲ್ಲ.

"ಗುರುಗಳೇ, ಅವಳೂ ಗಂಡನಿಗೆ ನಿಜ ಹೇಳಲಿಲ್ಲ. ಗಂಡನೂ ಸರಿಯಾಗಿ ವಿಚಾರಿಸಲಿಲ್ಲ. ವರ್ತಕ ಮಾರುವುದು ವೈರು. ಯಾರ ಕಣ್ಣಿನಲ್ಲಿ ಏನಿದೆ ಎಂದು ಅವನಿಗೆ ಹೇಗೆ ತಿಳಿಯಬೇಕು? ಅವನೇನು ವೈದ್ಯನೇ?"

"ವೈದ್ಯನಲ್ಲ, ಆದರೂ ಔಷಧ ಕೊಟ್ಟು ಕಳಿಸಿದನಲ್ಲ!" ಎಂದರು ಗುರುಗಳು.