ಅಲೆಗೆರೆಯ ಕಲ್ಲು

ಅಡವಯ್ಯಜ್ಜನ ಆಶ್ರಮ ಹೊಳೆಯ ದಂಡೆಗೆ, ಗುಡ್ಡದ ಬುಡಕ್ಕಿತ್ತು. ಯಾರು ಏನೇ ಕೇಳಲಿ, ಅಜ್ಜನದು ಒಂದೇ ಮಾತು.

"ಈ ಹೊಳಿ ಆದಿಯಿಂದಲೂ ಮೂಡಣಕ್ಕ ಹರದೈತಿ. ನೀವೂ ಹಂಗ ಇರ್ರಿ, ದಿಕ್ಕು ಬದಲಿಸಬ್ಯಾಡ್ರಿ."

ಇಂಥ ಅಜ್ಜನಿಗೆ ಕೂರಲು ಒಂದು ಹೊಸ ಕಲ್ಲು ಬೇಕಾಯಿತು. ಶಿಷ್ಯೆ ದುಂಡವ್ವ ಕಲ್ಲು ಒಡೆಯುವವರ ಮಗಳು. ಗುಡ್ಡದ ಮರಳುಗಲ್ಲಿಗೆ ಉಳಿ ಕೊಟ್ಟು ಮೇಲಿನ ಪದರು ಎಬ್ಬಿಸಿದಳು. ಕೆಳಗಿನ ಕಲ್ಲು ನೋಡಿ ಅವಳ ಕೈ ನಿಂತೇ ಹೋಯಿತು.

ಕಲ್ಲಿನ ತುಂಬ ಅಲೆಯ ಗೆರೆ!

ಅಜ್ಜ ಬಂದು ನೋಡಿದ. "ಕೆತ್ತಿ ಸಪಾಟ ಮಾಡು. ಕುಂತ್ರ ಚುಚ್ಚತೈತಿ."

"ಮಾಡಂಗಿಲ್ರಿ ಅಜ್ಜಾರ."

ಆಶ್ರಮದ ಹನ್ನೊಂದು ವರ್ಷದಲ್ಲಿ ಅವಳು ಇಂಥ ಮಾತು ಆಡಿದ್ದೇ ಇಲ್ಲ.

"ಯಾಕ?"

ಅವಳು ಅಜ್ಜನನ್ನು ಹೊಳೆಯಂಚಿಗೆ ಕರೆದೊಯ್ದಳು. ಒದ್ದೆ ಮರಳಿನ ಮೇಲೆ ನೀರು ಆಗತಾನೇ ಬಿಟ್ಟುಹೋದ ಅಲೆಯ ಗೆರೆಗಳಿದ್ದವು.

"ಮುಟ್ಟಿ ನೋಡ್ರಿ. ಗೆರಿ ನೀರು ಬಂದ ಕಡೆ ನಿಧಾನಕ ಏರೈತಿ. ಹೋದ ಕಡೆ ದಢಕ್ಕನ ಇಳದೈತಿ."

"ಹೌದು."

"ಇದರ ಮ್ಯಾಲ ಕೆಸರು ಕುಂತು, ಅದರ ಮ್ಯಾಲ ಮತ್ತ ಮರಳು ಕುಂತು, ಭಾರ ಬಿದ್ದು ಬಿದ್ದು ಕಲ್ಲಾಗತೈತಿ. ಈ ಗುಡ್ಡ ಆಗಿದ್ದೂ ಹಿಂಗ. ಈಗ ಬಂದು ಆ ಕಲ್ಲು ಮುಟ್ರಿ."

ಅಜ್ಜ ಗುಡ್ಡಕ್ಕೆ ಮರಳಿ ಕಲ್ಲಿನ ಮೇಲೆ ಕೈಯಾಡಿಸಿದ. ಗೆರೆಗಳೆಲ್ಲ ದಢಕ್ಕನೆ ಇಳಿದಿದ್ದು ಪಡುವಣದ ಕಡೆಗೆ.

"ಆಗಿನ ಹೊಳಿ ಪಡುವಣಕ್ಕ ಹರದೈತ್ರಿ. ನಿಮ್ಮ ಮಾತು ಸುಳ್ಳು."

ಅಜ್ಜನ ಮುಖ ಕೆಂಪೇರಿತು. "ನನ್ನ ಮಾತು ಸುಳ್ಳ ಅಂತೀಯೇನು? ಗೆರಿ ಕೆತ್ತು. ಇಲ್ಲಾಂದ್ರ ಗಂಟು ಕಟ್ಟು."

ಆಶ್ರಮ ಬಿಟ್ಟರೆ ದುಂಡವ್ವನಿಗೆ ಬೇರೆ ಮನೆ ಇರಲಿಲ್ಲ. ಆದರೂ ಉಳಿ, ಸುತ್ತಿಗೆ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು.

"ಕಟ್ಟಿದ್ನಿ, ನೋಡ್ರಿ. ನಿಮ್ಮ ಮಾತು ಉಳೀಲಿ ಅಂತ ಒಂದು ಹೊಳೀನ ಅಳಸಲೇನು? ನನ್ನ ಕೈಲೆ ಆಗಂಗಿಲ್ಲ."

ಹತ್ತು ಹೆಜ್ಜೆ ನಡೆದಿರಬೇಕು, ಹಿಂದೆ ಅಜ್ಜ ನರಳಿದ್ದು ಕೇಳಿಸಿತು. ತಿರುಗಿ ನೋಡುತ್ತಾಳೆ, ಮುದುಕ ಆ ಗೆರೆಗಳ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಾನೆ!

"ಏಳ್ರಿ ಅಜ್ಜಾರ, ಚುಚ್ಚತೈತಿ!"

"ಗಂಟು ಬಿಚ್ಚವ್ವ. ಇನ್ನ ಮ್ಯಾಲ ನಾನು 'ಆದಿಯಿಂದಲೂ' ಅಂತ ಬಾಯಿ ತೆಗೆದಾಗೆಲ್ಲ ಚುಚ್ಚಲಿ."