ಅತ್ತೆಯ ಮುಖ ತೊಳೆದ ಸೊಸೆ

ಒಂದೂರಂತೆ. ಊರಿಗೊಂದು ಹೆಸರೂ ಇತ್ತಂತೆ. ನನಗೆ ಕತೆ ಹೇಳಿದವರು ಅದನ್ನು ಮರೆತಿದ್ದರು, ನಾನೂ ಕೆದಕಲಿಲ್ಲ. ಆ ಊರಲ್ಲಿ ಹೊಂಬಾಳಮ್ಮ ಅನ್ನುವವಳು ಇದ್ದಳು, ಅಷ್ಟು ಗೊತ್ತಿದ್ದರೆ ಸಾಕು.

ಹೊಂಬಾಳಮ್ಮನ ಮನೆಗೆ ಒಂದು ದಿನ ಆ ಸೀಮೆಯ ಅರಸ ಬಂದನಂತೆ. ಬೇಟೆಗೆ ಹೋಗಿ ದಾರಿ ತಪ್ಪಿ, ಹಸಿದು ಕಂಗಾಲಾಗಿ ಬಂದ. ಅರಸನಾದರೇನು, ಹಸಿವಿಗೆ ಕಿರೀಟ ಇದೆಯೇ? ಹೊಂಬಾಳಮ್ಮ ರಾಗಿಮುದ್ದೆ ಹಾಕಿ ಸೊಪ್ಪಿನ ಸಾರು ಬಿಟ್ಟಳು. ಅರಸ ಒಂದು ಮುದ್ದೆ ಉಂಡ, ಎರಡು ಉಂಡ, ಮೂರನೆಯದಕ್ಕೆ ನಾಚಿಕೆ ಬಿಟ್ಟು ತಟ್ಟೆ ಚಾಚಿದ. ಉಂಡು ತೇಗಿ, "ಏನು ಬೇಕು ಕೇಳು ತಾಯಿ" ಅಂದನಂತೆ. "ಇನ್ನೊಸಿ ಸಾರು ಬಿಡ್ಲಾ ಸ್ವಾಮಿ?" ಅಂತ ಇವಳೇ ತಿರುಗಿ ಕೇಳಿದಳಂತೆ. ಅರಸ ನಕ್ಕು, ಅರಮನೆಯ ಚಿತ್ರಗಾರನನ್ನು ಕಳಿಸಿ, ಹಲಸಿನ ಹಲಗೆಯ ಮೇಲೆ ಅವಳ ಚಿತ್ರ ಬರೆಸಿಕೊಟ್ಟ. ಕೈಗೊಂದು ತಾವರೆ ಹೂ ಬರೆಯಲೇ ಅಂತ ಚಿತ್ರಗಾರ ಕೇಳಿದರೆ, ಅರಸ "ಹೂ ಬೇಡ, ಸೌಟು ಬರಿ" ಅಂದನಂತೆ.

ಆ ಹೊಂಬಾಳಮ್ಮನ ಸೊಸೆ ನಿಂಗಾಜಮ್ಮ. ಹೆತ್ತವರ ಮುಖ ಕಾಣದ ಹುಡುಗಿ, ಅವರಿವರ ಮನೆಯ ಅಂಬಲಿ ಕುಡಿದು ಬೆಳೆದವಳು. ಮದುವೆಯಾಗಿ ಬಂದ ದಿನ ಎಲೆಗೆ ಬಡಿಸಿದ ಒಬ್ಬಟ್ಟಿನಲ್ಲಿ ಅರ್ಧ ತಿಂದು, ಅರ್ಧವನ್ನು ಮೆಲ್ಲಗೆ ಸೆರಗಿಗೆ ಕಟ್ಟಿಕೊಂಡಳಂತೆ, ನಾಳೆಗೆ ಇರಲಿ ಅಂತ. ಅತ್ತೆ ನೋಡಿಬಿಟ್ಟಳು. ಬೈಯಲಿಲ್ಲ. ಪಕ್ಕದಲ್ಲಿ ಕೂತು ಇನ್ನೊಂದು ಒಬ್ಬಟ್ಟು ಬಡಿಸಿ, "ಇದ್ನೂ ಕಟ್ಕೊ ಮಗ. ಈ ಮನೇಲಿ ನಾಳೆಗೂ ಐತೆ, ನಾಳಿದ್ದಿಗೂ ಐತೆ" ಅಂದಳಂತೆ.

ಅತ್ತೆ ಒಳ್ಳೆಯವಳು ಅಂದ ಕೂಡಲೇ ನೀವೆಲ್ಲ ಮುಖ ಮುಖ ನೋಡಿಕೊಳ್ಳುತ್ತೀರಿ, ನನಗೆ ಗೊತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ ಕಟ್ಟಿದವರು ಆ ಬೀದಿಗೆ ಹೋಗಿರಲಿಲ್ಲ, ಅಷ್ಟೇ.

ಕಾಲ ಬಂತು, ಹೊಂಬಾಳಮ್ಮ ತೀರಿಕೊಂಡಳು. ಚಿತ್ರ ಉಳಿಯಿತು. ನಿಂಗಾಜಮ್ಮ ಏನು ಮಾಡುತ್ತಿದ್ದಳಂತೆ ಗೊತ್ತಾ? ದಿನಾ ಬೆಳಗ್ಗೆ ಎದ್ದು, ಬದುಕಿರುವವರಿಗೆ ಮಾಡುವ ಹಾಗೆ, ಒದ್ದೆ ಬಟ್ಟೆಯಲ್ಲಿ ಚಿತ್ರದ ಮುಖ ತೊಳೆದು ಕುಂಕುಮ ಇಡುತ್ತಿದ್ದಳಂತೆ. ಜ್ವರ ಬಂದರೂ ತಪ್ಪಿಸಲಿಲ್ಲ. ಪ್ರೀತಿಯೇ, ಇಲ್ಲ ಅನ್ನೋಲ್ಲ. ಆದರೆ ಬಣ್ಣಕ್ಕೆ ಪ್ರೀತಿ ತಿಳಿಯುತ್ತದೆಯೇ? ತೊಳೆದು ತೊಳೆದು ಹುಬ್ಬು ಹೋಯಿತು, ಮೂಗು ಹೋಯಿತು, ಕೊನೆಗೆ ಕಣ್ಣೂ ಹೋಯಿತು. ಸೀರೆಯ ಅಂಚು ಹಾಗೇ ಇದೆ, ಸೌಟು ಹಾಗೇ ಇದೆ. ಮುಖದ ಜಾಗದಲ್ಲಿ ಬರೀ ಹಲಗೆ. ದಿನಾ ನೋಡುತ್ತಿದ್ದವಳಿಗೆ ಅದು ಗೊತ್ತಾಗಲೇ ಇಲ್ಲವಂತೆ.

ನಿಂಗಾಜಮ್ಮ ಮುದುಕಿಯಾದಳು. ಕಣ್ಣಿಗೆ ಪೊರೆ ಬಂತು. ಪಂಡಿತ ನೋಡಿ, "ಸುಗ್ಗಿ ಹೊತ್ಗೆ ಏನೂ ಕಾಣಕ್ಕಿಲ್ಲ ತಾಯಿ. ನೋಡೋದನ್ನ ಈಗ್ಲೇ ನೋಡ್ಕೊ" ಅಂದನಂತೆ. ಅವಳು ನೆಟ್ಟಗೆ ಚಿತ್ರದ ಹತ್ತಿರ ಹೋದಳು. ಅತ್ತೆಯ ಮುಖ ಕಣ್ತುಂಬ ನೋಡೋಣ ಅಂದರೆ ಮುಖವೇ ಇಲ್ಲ! ನೆನೆಸಿಕೊಳ್ಳೋಣ ಅಂದರೆ ನೆನಪಿಗೂ ಬರುತ್ತಿಲ್ಲ. "ಅಯ್ಯೋ, ನನ್ ಕೈಯಾರೆ ಅಳಿಸ್ಬಿಟ್ನಲ್ಲಪ್ಪ! ಆ ಮುಖ ನೋಡಿ ಒಂದು ಮಾತು ಹೇಳ್ದೆ ನಾನು ಕುರುಡಿ ಆಗ್ಬೇಕಾ?" ಅಂತ ಅತ್ತಳಂತೆ.

ಮಗ ಬೋರೇಗೌಡನಿಗೆ ತಡೆಯಲಾಗಲಿಲ್ಲ. ಅಜ್ಜಿ ಸತ್ತಾಗ ಅವನು ತೊಟ್ಟಿಲ ಕೂಸು, ಅವನಿಗೂ ಆ ಮುಖ ಗೊತ್ತಿಲ್ಲ. ಕಂಡಿದ್ದವರು ಊರಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಊರೂರು ತಿರುಗಿ ಮುದ್ದಯ್ಯ ಅನ್ನುವ ಚಿತ್ರಗಾರನನ್ನು ಕರೆತಂದ. ಮುದ್ದಯ್ಯನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ಮುಖ ತಾನೇ? ಬರೆದ್ರಾಯ್ತು" ಅಂದ. ಹಲಗೆಗೆ ಹಿಡಿದಿದ್ದ ಮಸಿಯನ್ನು ತವುಡಿನಲ್ಲಿ ಒರೆಸಿದ, ಹುಣಸೆ ಬೀಜದ ಅಂಟಿನಲ್ಲಿ ಬಣ್ಣ ಕಲಸಿದ.

ಅರಸ ಬರೆಸಿದ ಚಿತ್ರವಲ್ಲವೇ ಅಂತ ಮೊದಲು ಅಗಲ ಕಣ್ಣು, ಮೂಗಿಗೆ ಮುತ್ತಿನ ಬುಲಾಕು ಬರೆದ. ಮುದುಕಿ ಬಗ್ಗಿ ನೋಡಿ, "ಯಾರೋ ರಾಣಿ ಬಂದವ್ಳೆ, ಕುಡಿಯೋಕೆ ನೀರು ಕೊಡಿ. ನಮ್ಮತ್ತೆ ಅಲ್ಲ" ಅಂದಳಂತೆ.

ಮುದ್ದಯ್ಯ ಅಳಿಸಿದ. ಮೊಮ್ಮಕ್ಕಳಲ್ಲಿ ಅಜ್ಜಿಯ ಹೋಲಿಕೆ ಇರಲೇಬೇಕು ಅಂತ ಬೋರೇಗೌಡನ ಮೂಗು, ಅವನ ತಂಗಿಯ ಗಲ್ಲ ನೋಡಿ ಬರೆದ. ಮುದುಕಿ ನೋಡಿದಳು, ತುಂಬ ಹೊತ್ತು ನೋಡಿದಳು. "ಮೂಗು ಅತ್ತೇದೇ. ಗಲ್ಲಾನೂ ಅತ್ತೇದೇ. ಅತ್ತೆ ಮಾತ್ರ ಬಂದಿಲ್ಲ ಕಣಪ್ಪ."

"ಹಂಗಾದ್ರೆ ಹೆಂಗಿದ್ರು, ನೀನೇ ಹೇಳವ್ವ!" ಅಂದ ಮುದ್ದಯ್ಯ.

"ಹೆಂಗಿದ್ಲು ಅಂದ್ರೆ... ಚೆನ್ನಾಗಿ ಉಣ್ಣಿಸೋಳು."

ಇದನ್ನು ಯಾವ ಬಣ್ಣದಲ್ಲಿ ಬರೆಯುವುದು? ಮುದ್ದಯ್ಯ ಸೋತು ಕುಂಚಗಳನ್ನು ಚೀಲಕ್ಕೆ ತುಂಬಿಕೊಂಡ. ನಿಂಗಾಜಮ್ಮ ಬಿಡಲಿಲ್ಲ. "ಚಿತ್ರ ಆಗದಿದ್ರೆ ಹೋಗ್ಲಿ, ಹಸ್ಕೊಂಡು ಹೋಗ್ಬೇಡ" ಅಂತ ಕೂರಿಸಿ, ಮುದ್ದೆ ಹಾಕಿ ಸಾರು ಬಿಟ್ಟು, ಎದುರಿಗೇ ಕೂತಳು. ಮುದ್ದಯ್ಯ ತುತ್ತು ಮುರಿದು ತಲೆ ಎತ್ತುತ್ತಾನೆ, ಮುದುಕಿ ಚೂರು ಮುಂದಕ್ಕೆ ಬಾಗಿದ್ದಾಳೆ. ಒಂದು ಹುಬ್ಬು ಮೇಲೆ ಹೋಗಿದೆ. ಇವನು ಬಾಯಿ ತೆರೆದರೆ ಅವಳ ಬಾಯೂ ತೆರೆಯುತ್ತದೆ.

"ಯಾಕವ್ವ ಹಿಂಗೆ ನೋಡ್ತೀಯ?"

"ಹೆಂಗೆ ನೋಡ್ದೆ?" ಅವಳಿಗೇ ಗೊತ್ತಿಲ್ಲ. ಆಮೇಲೆ ನೆನೆಸಿಕೊಂಡು, "ನಮ್ಮತ್ತೆ ಹಿಂಗೇ ಕೂರೋಳು. ಮೊದಲ್ನೇ ತುತ್ತು ಒಳಕ್ಕೆ ಹೋಗೋ ಗಂಟ ಬಿಟ್ಟ ಕಣ್ಣು ಬಿಟ್ಟಂಗೇ ಇರೋಳು" ಅಂದಳಂತೆ.

ಮುದ್ದಯ್ಯ ಊಟ ಅಲ್ಲಿಗೇ ಬಿಟ್ಟು ಎದ್ದ. ಮೂಗು ಗಲ್ಲ ಮುಟ್ಟಲಿಲ್ಲ. ಆ ಹುಬ್ಬು ಬರೆದ, ಆ ತುಟಿ ಬರೆದ, ಕಡೆಗೆ ಆ ಕಣ್ಣು ಬರೆದ.

ಬೋರೇಗೌಡ ನೋಡಿದವನೇ ಸಿಡಿದುಬಿದ್ದ. "ಲೋ ಮುದ್ದಯ್ಯ, ಅಜ್ಜೀನ ಬರಿ ಅಂದ್ರೆ ಎದುರಿಗೆ ಕೂತಿದ್ದ ನಮ್ಮವ್ವನ್ನೇ ಬರೆದಿದ್ದೀಯಲ್ಲೋ!"

ನಿಂಗಾಜಮ್ಮನಿಗೆ ಅದು ಕೇಳಿಸಲೇ ಇಲ್ಲ. ಅವಳು ಹಲಗೆಯನ್ನು ಬಿಸಿಲಿಗೆ ಹಿಡಿದು, ಮೂಗು ತಾಗುವಷ್ಟು ಹತ್ತಿರ ತಂದುಕೊಂಡಿದ್ದಳು. "ಅತ್ತೆ, ಬಂದ್ಯಾ?" ಅಂದಳಂತೆ. "ನಿನ್ ಮನೇಲಿ ಹೊಟ್ಟೆ ತುಂಬ ಉಂಡೆ ಅತ್ತೆ. ಒಂದ್ ದಿನಾನೂ ಹಸ್ಕೊಂಡು ಮಲಗ್ಲಿಲ್ಲ. ಇದೊಂದು ಮಾತು ನಿನ್ ಮುಂದೆ ಹೇಳ್ಬೇಕಾಗಿತ್ತು."

ಬೋರೇಗೌಡ ಮೆತ್ತಗಾದ. "ಅವ್ವ, ಇದು ಅಜ್ಜೀನೇ ಇರ್ಬೋದು. ಆದ್ರೆ ನಿನ್ ಹೋಲಿಕೆ ಕಣವ್ವ. ಥೇಟ್ ನೀನೇ."

ನಿಂಗಾಜಮ್ಮ ತಿರುಗಿದಳು. ನೋಡಿ, ಅವ್ವನ ಹಾಗಿದ್ದೀಯ, ಅಪ್ಪನ ಹಾಗಿದ್ದೀಯ ಅಂತ ಎಲ್ಲ ಮಕ್ಕಳಿಗೂ ಯಾರಾದರೂ ಹೇಳಿಯೇ ಇರುತ್ತಾರೆ. ಆ ತಬ್ಬಲಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. "ಏನಂದೆ ಮಗ? ಇನ್ನೊಂದ್ ಸಲ ಹೇಳು" ಅಂದು, ಸೆರಗು ಬಾಯಿಗಿಟ್ಟುಕೊಂಡು ಅಳುತ್ತಳುತ್ತಲೇ ನಕ್ಕಳಂತೆ.

ಸುಗ್ಗಿ ಹೊತ್ತಿಗೆ ಪಂಡಿತ ಹೇಳಿದಂತೆಯೇ ಕಣ್ಣು ಪೂರ್ತಿ ಮಂಜಾಯಿತು. ನಿಂಗಾಜಮ್ಮ ಕೊರಗಲಿಲ್ಲವಂತೆ. ಬಳೆಗಾರ ಬರಲಿ, ನೆಂಟರು ಬರಲಿ, ಕೈ ಹಿಡಿದು ಚಿತ್ರದ ಮುಂದೆ ನಿಲ್ಲಿಸಿ, "ಇವ್ಳು ನಮ್ಮತ್ತೆ. ಯಾರ ಹಂಗವ್ಳೆ, ನೋಡಿ ಹೇಳಿ" ಅಂತ ಕೇಳುವಳಂತೆ. ಎಲ್ಲರೂ ಒಂದೇ ಮಾತು ಹೇಳುವರಂತೆ: "ನಿನ್ನ ಹಂಗೇ ಅವ್ಳೆ ಕಣಜ್ಜಿ."

ಆ ಮನೆಯ ಒಲೆ ಅಲ್ಲಿ ಆರದಿರಲಿ, ನಮ್ಮ ಒಲೆ ಇಲ್ಲಿ ಆರದಿರಲಿ. ಹೇಳಿದವಳ ಬಾಯಿಗೆ ಬೆಲ್ಲ, ಕೇಳಿದವರ ಕಿವಿಗೆ ತಂಪು.