ಕಡವೆ ಕೋಚ್ ಕಾಲು ಬಡಿದಾಗ

ಕೇಳಿ ಮಕ್ಕಳೇ, ಹೊನ್ನೆಕಾಡಿನ ಕೆರೆಯ ಪಕ್ಕದಲ್ಲಿ ಒಂದು ಬಯಲಿತ್ತು. ಕಾಡಿನ ಮರಿಗಳೆಲ್ಲ ಅಲ್ಲಿ ಸೇರಿ, ಒಣಗಿದ ಬೇಲದಕಾಯಿಯನ್ನು ಒದ್ದು ಕಾಲ್ಚೆಂಡು ಆಡುತ್ತಿದ್ದವು. ಆ ತಂಡಕ್ಕೆ ಹೊಸದಾಗಿ ಬಂದ ಕೋಚ್ ಭದ್ರಪ್ಪನೆಂಬ ಕಡವೆ. ಅವನ ಕೊಂಬು ನೋಡಿದರೆ ಅಬ್ಬಬ್ಬಾ ಅನ್ನಬೇಕು! ಎದೆಯೊಳಗೆ ಮಾತ್ರ ಸದಾ ಪುಕುಪುಕು.

ಯಾಕೆ ಗೊತ್ತೇ? ಬಂದ ದಿನವೇ ಮರದ ಮೇಲಿನ ಗೊರವಂಕಗಳ ಮಾತು ಅವನ ಕಿವಿಗೆ ಬಿದ್ದಿತ್ತು.

"ಕೊಂಬೇನೋ ಇದೆ ಕಣೇ. ನಾಯಕನ ಕಳೆ ಇದೆಯಾ?"

"ಅದು ಹುಟ್ಟಿನಿಂದಲೇ ಬರಬೇಕಮ್ಮಾ. ಹಳೇ ಕೋಚ್ ಕಾಡುಕೋಣ ಮಾಸ್ತರು ಸುಮ್ಮನೆ ನಿಂತರೂ ಮರಿಗಳು ಗಪ್‌ಚಿಪ್ ಆಗ್ತಿದ್ದವು."

ಅಂದಿನಿಂದ ಭದ್ರಪ್ಪನಿಗೆ ಮೇವು ರುಚಿಸಲಿಲ್ಲ. ಮರಿಗಳು ನನ್ನನ್ನು ಲೆಕ್ಕಕ್ಕೇ ಇಡದಿದ್ದರೆ? ನಕ್ಕುಬಿಟ್ಟರೆ? ಹೆದರಿ ಹೆದರಿ ಕೊನೆಗೊಂದು ನಿಯಮ ಮಾಡಿದ.

"ನಾನು ಮುಂಗಾಲು ಬಡಿದ ಕೂಡಲೇ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ನನ್ನನ್ನೇ ನೋಡಬೇಕು. ಅಲ್ಲಾಡಿದರೆ ತಂಡದಿಂದ ಹೊರಗೆ!"

ಪೊದೆಯಲ್ಲಿ ಕೆದಕುತ್ತಿದ್ದ ಕಾಡುಕೋಳಿ ನಿಂಗವ್ವ ಗಾಬರಿಯಾದಳು. "ಅಯ್ಯೋ, ಕಡವೆ ಕಾಲು ಬಡಿಯೋದು ಅಪಾಯ ಕಂಡಾಗ ಕಣಪ್ಪಾ! ಆ ಸದ್ದು ಕೇಳಿದರೆ ಓಡಬೇಕು ಅಂತ ತಾನೇ ಕಾಡಿಗೆಲ್ಲ ಗೊತ್ತಿರೋದು? ಅದನ್ನ ಆಟಕ್ಕೆ ತರಬೇಡ."

"ನಿನ್ನ ಕೆಲಸ ನೀನು ನೋಡ್ಕೋ ನಿಂಗವ್ವ," ಎಂದ ಭದ್ರಪ್ಪ.

ದಿನಾ ಅದೇ ಅಭ್ಯಾಸ. ಕಾಲು ಬಡಿದರೆ ಸಾಕು, ಮೊಲದ ಮರಿ ಚಿಗುರಿ, ಜಿಂಕೆ ಮರಿಗಳು, ಹಂದಿ ಮರಿಗಳು ಎಲ್ಲವೂ ಕಲ್ಲಿನಂತೆ ನಿಂತು ಅವನನ್ನೇ ನೋಡುತ್ತಿದ್ದವು. ಭದ್ರಪ್ಪ ಕತ್ತೆತ್ತಿ ಗೊರವಂಕಗಳ ಕಡೆ ಒಮ್ಮೆ ನೋಡುತ್ತಿದ್ದ.

ಒಂದು ಸಂಜೆ ಆಟ ಜೋರಾಗಿ ನಡೆದಿತ್ತು. ಇದ್ದಕ್ಕಿದ್ದಂತೆ ಹಕ್ಕಿಗಳು ಸುಮ್ಮನಾದವು. ಗಾಳಿಯಲ್ಲಿ ಕೆಟ್ಟ ವಾಸನೆ ಬಂತು. ಹುಲ್ಲಿನ ಮೇಲೆ ಒಂದು ಕೆಂಪು ಕಿವಿ ಕಂಡಿತು. ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು.

ಸೀಳುನಾಯಿಗಳು!

ಭದ್ರಪ್ಪನ ಜೀವ ಬಾಯಿಗೆ ಬಂತು. ತನಗೇ ತಿಳಿಯದಂತೆ ಮುಂಗಾಲು ಧಪ್ ಎಂದು ನೆಲಕ್ಕೆ ಬಡಿಯಿತು.

ಮರಿಗಳೆಲ್ಲ ನಿಂತಲ್ಲೇ ನಿಂತವು. ಕಣ್ಣು ಪಿಳುಕಿಸದೆ ಅವನನ್ನೇ ನೋಡಿದವು. ಅವುಗಳ ಬೆನ್ನ ಹಿಂದೆ ಹುಲ್ಲು ಮೆಲ್ಲಗೆ ಸರಿಯುತ್ತಿತ್ತು.

'ಓಡಿ!' ಎನ್ನಲು ಬಾಯಿ ತೆರೆದ. ದನಿಯೇ ಹೊರಡಲಿಲ್ಲ. ಕೆರೆಗೆ ಹಾರಿ ತಾನೊಬ್ಬ ಉಳಿಯಬಹುದಿತ್ತು. ಆದರೆ ಚಿಗುರಿಯ ಮೀಸೆ ಅದುರುತ್ತಿತ್ತು. ಅದಕ್ಕೂ ವಾಸನೆ ಹತ್ತಿತ್ತು, ಆದರೂ ಕೋಚ್ ಹೇಳಿದ್ದಾರೆಂದು ಅಲ್ಲಾಡದೆ ನಿಂತಿತ್ತು ಪಾಪ!

'ಅಯ್ಯೋ, ನಾನೆಂಥಾ ಕೆಲಸ ಮಾಡಿಬಿಟ್ಟೆ!' ಎಂದು ಭದ್ರಪ್ಪ ಒಳಗೊಳಗೇ ಮರುಗಿದ.

ಅವನು ತಲೆ ತಗ್ಗಿಸಿ ಮರಿಗಳ ಹಿಂದಕ್ಕೆ ಓಡಿದ. ಕೊಂಬಿನಿಂದ ಒಂದೊಂದನ್ನೇ ನೀರಿನ ಕಡೆ ದಬ್ಬಿದ. ಈಗ ದನಿಯೂ ಬಂತು. "ನನ್ನನ್ನ ನೋಡಬೇಡಿ! ಕೆರೆಗೆ ಇಳೀರಿ, ಇಳೀರೋ!"

ಮೊದಲ ನಾಯಿ ಅವನ ತೊಡೆ ಕಚ್ಚಿತು. ಒದ್ದ. ಇನ್ನೊಂದು ಕೊಂಬಿಗೆ ಜೋತುಬಿತ್ತು. ಝಾಡಿಸಿದ ರಭಸಕ್ಕೆ ಆ ಕೊಂಬೇ ಲಟಕ್ಕೆಂದು ಮುರಿಯಿತು. ಚಿಗುರಿಗೆ ಆಳದ ನೀರೆಂದರೆ ಭಯ, ಅದು ದಡದಲ್ಲೇ ಉಳಿದಿತ್ತು. ಉಳಿದ ಕೊಂಬಿನ ಮೇಲೆ ಅದನ್ನು ಹತ್ತಿಸಿಕೊಂಡು ಭದ್ರಪ್ಪ ಎಲ್ಲರಿಗಿಂತ ಕೊನೆಗೆ ನೀರಿಗಿಳಿದ. ನಾಯಿಗಳು ದಡದಲ್ಲಿ ಸುತ್ತಾಡಿ, ಕತ್ತಲಾಗುವ ಮೊದಲೇ ಹೊರಟುಹೋದವು.

ಬೆಳಿಗ್ಗೆ ಒಂಟಿ ಕೊಂಬಿನ ಭದ್ರಪ್ಪ ಕುಂಟುತ್ತಾ ಬಯಲಿಗೆ ಬಂದ. ಮರಿಗಳ ಮುಂದೆ ತಲೆ ತಗ್ಗಿಸಿದ. "ತಪ್ಪಾಯ್ತು ಕಣ್ರೋ. ಇನ್ನು ಮೇಲೆ ನಾನು ಕಾಲು ಬಡಿದರೆ ನನ್ನ ಕಡೆ ತಿರುಗಲೂಬೇಡಿ, ಓಡಿ," ಎಂದ.

ಗೊರವಂಕ ಇಣುಕಿ ಚಿಗುರಿಯನ್ನು ಕೇಳಿತು: "ಏನೋ, ನಿಮ್ಮ ಕೋಚ್‌ಗೆ ಈಗಲಾದರೂ ನಾಯಕನ ಕಳೆ ಬಂತೇನೋ?"

"ಗೊತ್ತಿಲ್ಲಮ್ಮಾ, ನಾವು ಓಡುವಾಗ ಅವರು ನಮ್ಮ ಹಿಂದೆ ಇರ್ತಾರೆ," ಎಂದಿತು ಚಿಗುರಿ.

ನೀತಿ: ಎಲ್ಲರ ಕಣ್ಣೂ ತನ್ನ ಮೇಲಿರಲಿ ಎಂದು ಬಯಸುವವನು ತನ್ನವರನ್ನು ಅಪಾಯಕ್ಕೆ ದೂಡುತ್ತಾನೆ, ತನ್ನವರ ಮೇಲೆ ಕಣ್ಣಿಟ್ಟು ಕಾಯುವವನೇ ನಿಜವಾದ ನಾಯಕ.